ಚೈನ್‌ಸಾದಲ್ಲಿ ಆನೆ ಕೆತ್ತುವುದು ಹೇಗೆ?

ಕೊಡಗಿನ ತೋಟದವರಿಗೆ ಚೈನ್‌ಸಾ ಹೊಸದೇನಲ್ಲ. ಮಳೆಗಾಲದಲ್ಲಿ ಬಿದ್ದ ಮರ ಕೊಯ್ಯಲು ಅದು ಬೇಕೇ ಬೇಕು. ಅದೇ ಮೆಷಿನ್‌ನಲ್ಲಿ ಆಳೆತ್ತರದ ಶಿಲ್ಪವನ್ನೂ ಕೆತ್ತಬಹುದು. ಆದರೆ ಮರ ಕೊಯ್ದು ಕೈ ಪಳಗಿರಬೇಕು. ಚೈನ್‌ಸಾ ಹಿಡಿದೇ ಇಲ್ಲದವರು ಇದರಿಂದ ಶುರು ಮಾಡುವುದು ಬೇಡ.

ಮೊದಲು ದಿಮ್ಮಿ. ಕಲಿಯಲು ಸಿಲ್ವರ್ ಓಕ್ ಸಾಕು. ಹೊರಗೆ ಮಳೆಯಲ್ಲಿ ನಿಲ್ಲಿಸುವುದಾದರೆ ಹಲಸು ವಾಸಿ. ಬೀಟೆ, ತೇಗದ ಆಸೆಯಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಟ್ಟಿ. ಬೇಲಿ ಸಾಲಿನ ಮರದ ಬಗ್ಗೆ ಮಾತ್ರ ಹುಷಾರು. ಹಳೇ ಮೊಳೆ, ಮುಳ್ಳುತಂತಿ ಮರದೊಳಗೇ ಸೇರಿಕೊಂಡಿರುತ್ತದೆ. ಕೊಯ್ದ ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇರಬಹುದು. ಆ ತುಂಡು ಸೌದೆಗೆ ಹಾಕಿ.

ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಚೈನ್ ತಗುಲಿದರೂ ಕಾಲು ಕಾಯುವ ಚೈನ್‌ಸಾ ಪ್ಯಾಂಟ್, ಗಟ್ಟಿ ಬೂಟು ಇಲ್ಲದೆ ಸ್ಟಾರ್ಟ್ ಮಾಡಲೇಬೇಡಿ. ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಅಂತಾರೆ. ಅದರ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ. ಕೆತ್ತನೆಗೆಂದೇ ಸಣ್ಣ ಮೂತಿಯ ಬಾರ್ ಸಿಗುತ್ತದೆ. ಅದರಲ್ಲಿ ಈ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಭುಜಕ್ಕಿಂತ ಮೇಲೆ ಮೆಷಿನ್ ಎತ್ತಬೇಡಿ. ದಿಮ್ಮಿ ಅಲ್ಲಾಡದಂತೆ ಬಿಗಿ ಮಾಡಿ. ಒಬ್ಬರೇ ಇರುವಾಗ ಕೆಲಸಕ್ಕೆ ಇಳಿಯಬೇಡಿ.

ಈಗ ಆನೆ. ತೋಟಕ್ಕೆ ನುಗ್ಗಿ ಬಾಳೆ ಮುರಿಯುವುದು ಸಾಲದು ಅಂತ ಗೇಟಿನ ಹತ್ತಿರವೂ ಒಂದು ಬೇಕಾ ಅನ್ನಬಹುದು. ಆದರೆ ನಿಲ್ಲಿಸಿದ ದಿಮ್ಮಿಗೆ ಅದರ ಮೈಕಟ್ಟು ಚೆನ್ನಾಗಿ ಒಗ್ಗುತ್ತದೆ. ಮರದ ಎಳೆ ಮೇಲಿಂದ ಕೆಳಕ್ಕೆ ಹೋಗುತ್ತದೆ, ಅಲ್ವಾ? ಇಳಿಬಿಟ್ಟ ಸೊಂಡಿಲೂ ಹಾಗೇ ಹೋಗುವುದರಿಂದ ಗಟ್ಟಿಯಾಗಿರುತ್ತದೆ. ಮುಂದಕ್ಕೆ ಚಾಚಿದ ದಂತದಲ್ಲಿ ಎಳೆ ಅಡ್ಡ ಬರುತ್ತದೆ, ಒಂದೇ ಏಟಿಗೆ ಮುರಿಯುತ್ತದೆ. ಹಾಗಾಗಿ ದಂತವನ್ನು ಸೊಂಡಿಲಿಗೆ ಅಂಟಿದಂತೆಯೇ ಬಿಡಿ. ಸೊಂಡಿಲಿನ ತುದಿಯನ್ನೂ ಕಾಲಿಗೆ ತಾಗಿಸಿ.

ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ತಲೆಯಿಂದ ಶುರು ಮಾಡಿ ಕೆಳಕ್ಕೆ ಬನ್ನಿ. ಬುಡದಲ್ಲಿ ಭಾರ ಉಳಿದರೆ ದಿಮ್ಮಿ ನೆಟ್ಟಗೆ ನಿಲ್ಲುತ್ತದೆ. ಮೊದಲು ಎಲ್ಲವನ್ನೂ ಚಪ್ಪಟೆ ಮುಖಗಳಾಗಿಯೇ ಕೊಯ್ಯಿರಿ. ಬೇಗ ಉರುಟು ಮಾಡಲು ಹೋದರೆ ಅಳತೆ ತಪ್ಪುತ್ತದೆ. ಕಿವಿಗೆ ಜಾಸ್ತಿ ಮರ ಬಿಡಿ, ಆಮೇಲೆ ತೆಳು ಮಾಡಬಹುದು. ಚಕ್ಕೆಯ ಬದಲು ಪುಡಿ ಬರಲು ಶುರುವಾದರೆ ಚೈನ್ ಮೊಂಡಾಗಿದೆ. ಸುಮ್ನೆ ಒತ್ತಬೇಡಿ, ನಿಲ್ಲಿಸಿ ಅರ ಹಾಕಿ.

ಕಣ್ಣು ಕೊನೆಗೆ. ಬರೀ ಗುಂಡಿ ತೋಡಿದರೆ ಜೀವ ಬರುವುದಿಲ್ಲ. ಮೇಲಿನ ರೆಪ್ಪೆಯ ಕೆಳಗೆ ಆಳವಾಗಿ ಒಂದು ಗೀರು ಎಳೆಯಿರಿ. ಅಲ್ಲಿ ನೆರಳು ಬಿದ್ದ ಕೂಡಲೇ ಆನೆ ನೋಡತೊಡಗುತ್ತದೆ.

ಹಸಿ ಮರ ಕೆತ್ತಲು ಸುಲಭ, ಒಣಗುವಾಗ ಬಿರಿಯುತ್ತದೆ. ಬೆನ್ನ ಹಿಂದೆ ಉದ್ದಕ್ಕೂ ತಿರುಳಿನ ತನಕ ಒಂದು ಸೀಳು ಕೊಯ್ದಿಟ್ಟರೆ ಬಿರುಕು ಹೆಚ್ಚಾಗಿ ಅಲ್ಲೇ ಅಗಲವಾಗುತ್ತದೆ, ಮುಖ ಉಳಿಯುತ್ತದೆ. ಉಜ್ಜುಕಾಗದದ ಬಿಲ್ಲೆ ಹಾಕಿದ ಕೈ ಗ್ರೈಂಡರ್‌ನಲ್ಲಿ ನಯ ಮಾಡಿ, ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ, ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿ. ಪ್ರತಿ ವರ್ಷ ಜೂನ್ ಮಳೆಗೆ ಮುಂಚೆ ಇನ್ನೊಂದು ಸಲ ಎಣ್ಣೆ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.