ಯುಕೆಗೆ ಬಂದಿದ್ದೀರಾ? ಮೊದಲು ವೋಟರ್ ಲಿಸ್ಟಿಗೆ ಹೆಸರು ಸೇರಿಸಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊಸದಾಗಿ ಬಂದವರು ಮನೆ ಬಾಡಿಗೆ ಕೇಳುತ್ತಾರೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ವೋಟಿನ ಸುದ್ದಿ ಯಾರೂ ಎತ್ತಲ್ಲ. ನಾನೂ ಎತ್ತಿರಲಿಲ್ಲ. ವೀಸಾದ ಮೇಲೆ ಬಂದವರಿಗೆ ಎಲ್ಲಿಯ ವೋಟು ಅಂತ ನಾಲ್ಕು ವರ್ಷ ಸುಮ್ನೆ ಕೂತಿದ್ದೆ. ವೋಟರ್ ಲಿಸ್ಟಿನ ಬಗ್ಗೆ ಮನೆಗೆ ಬಂದ ಲಕೋಟೆಗಳನ್ನು ಒಡೆಯದೇ ಕಸಕ್ಕೆ ಹಾಕಿದ್ದೆ.

ಭಾರತ ಕಾಮನ್‌ವೆಲ್ತ್ ದೇಶ, ಅಲ್ವಾ? ಹಾಗಾಗಿ ಸ್ಟೂಡೆಂಟ್ ವೀಸಾ ಇರಲಿ, ವರ್ಕ್ ವೀಸಾ ಇರಲಿ, 18 ತುಂಬಿ ಇಲ್ಲಿ ವಾಸವಿದ್ದರೆ ಕೌನ್ಸಿಲ್‌ಗೂ (ಇಲ್ಲಿನ ಸ್ಥಳೀಯ ಆಡಳಿತ) ಪಾರ್ಲಿಮೆಂಟಿಗೂ ವೋಟು ಹಾಕಬಹುದು. ಇದರಿಂದ ಭಾರತದ ಪೌರತ್ವಕ್ಕೆ ಏನೂ ಆಗಲ್ಲ. ಆದರೆ ಹೆಸರನ್ನು ನೀವೇ ಆನ್‌ಲೈನ್‌ನಲ್ಲಿ ಸೇರಿಸಬೇಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಗೆ ಸರ್ಕಾರ ಕೊಡುವ ನಂಬರ್) ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಅವಕಾಶ ಮುಗಿಯುತ್ತೆ. ಲಿಸ್ಟಿನಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು.

2024ರ ಜುಲೈ 4, ಗುರುವಾರ, ಪಾರ್ಲಿಮೆಂಟ್ ಚುನಾವಣೆ. ರಜೆಯಿಲ್ಲ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಕೆಲಸಕ್ಕೆ ಹೋಗುವ ಮುಂಚೆ ಚರ್ಚಿನ ಪಕ್ಕದ ಹಾಲ್‌ಗೆ ಹೋದೆ. ಮೈಕಿಲ್ಲ, ಬಾವುಟವಿಲ್ಲ, ಪೊಲೀಸರಿಲ್ಲ. ಭಾರತದ ಪಾಸ್‌ಪೋರ್ಟ್ ತೋರಿಸಿದೆ, ಸಾಕಾಯಿತು. (ಆಧಾರ್, ಊರಿನ ವೋಟರ್ ಕಾರ್ಡ್ ನಡೆಯಲ್ಲ.) 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಮಂದಿ ನಿಂತ ಕಥೆ ಕೇಳಿ ಬೆಳೆದವನು ನಾನು. ಇಲ್ಲಿ ಕೊಟ್ಟ ಚೀಟಿಯಲ್ಲಿ ಏಳೇ ಹೆಸರು. ಮಷೀನ್ ಇಲ್ಲ, ದಾರಕ್ಕೆ ಕಟ್ಟಿದ ಪೆನ್ಸಿಲ್! ಬೇಕಾದವರ ಮುಂದೆ ಇಂಟು ಮಾರ್ಕ್ ಹಾಕಬೇಕು. ಗೋಕಾಕದ ಸಾಲಿಯಲ್ಲಿ ಇಂಟು ಅಂದ್ರೆ ತಪ್ಪು ಉತ್ತರ. ನಾನು ಹಾಕಿದ್ದು ಬೇಡ ಅಂತ ಆಗಿಬಿಟ್ಟರೆ? ಚೀಟಿಯ ಮೇಲಿನ ಸೂಚನೆ ಎರಡು ಸಲ ಓದಿ ಹಾಕಿದೆ. ಊರಿಗೆ ವಿಡಿಯೋ ಕಾಲ್ ಮಾಡಿದರೆ ಅವ್ವನದು ಒಂದೇ ಪ್ರಶ್ನೆ: "ಬೆರಳ ತೋರ್ಸೋ ನೋಡೂಣು, ಶಾಯಿ ಎಲ್ಲೈತಿ?" ಇಲ್ಲಿ ಶಾಯಿ ಹಚ್ಚಲ್ಲ.

ಪಕ್ಷಗಳ ಲೆಕ್ಕ ನಮಗೆ ಹೊಸದಲ್ಲ. ಒಟ್ಟು 650 ಸೀಟು, ಕ್ಷೇತ್ರದಲ್ಲಿ ಜಾಸ್ತಿ ಮತ ಪಡೆದವರೇ ಎಂಪಿ. 2024ರಲ್ಲಿ ಲೇಬರ್‌ಗೆ ಸುಮಾರು ಶೇ 34 ಮತ, 411 ಸೀಟು. ರಿಫಾರ್ಮ್ ಪಕ್ಷಕ್ಕೆ ಶೇ 14 ಮತ, ಸೀಟು ಬರೀ 5. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಮತ ಜಾಸ್ತಿ, ಬಿಜೆಪಿಗೆ ಸೀಟು ಜಾಸ್ತಿ ಬಂದದ್ದು ನೆನಪಿದೆಯಲ್ಲ, ಅದೇ ಆಟ. ಆದ್ದರಿಂದ ಟಿವಿಯಲ್ಲಿ ಬರುವ ಶೇಕಡಾವಾರು ನೋಡಿ ಲೆಕ್ಕ ಹಾಕಬೇಡಿ. ನಿಮ್ಮ ಕ್ಷೇತ್ರದಲ್ಲಿ ಹೋದ ಸಲ ಮೊದಲ ಇಬ್ಬರು ಯಾರಿದ್ದರು, ಅದನ್ನು ನೋಡಿ.

ನಮ್ಮವರಿಗೆ ವಿಚಿತ್ರ ಅನಿಸುವುದು ಇನ್ನೊಂದು. ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಎಂಪಿ ಪಕ್ಷ ಬಿಟ್ಟು ಎದುರಿನ ಸಾಲಿಗೆ ಹೋಗಿ ಕೂತರೂ ಸೀಟು ಉಳಿಯುತ್ತೆ. ರೆಸಾರ್ಟ್ ಖರ್ಚು ಉಳೀತು ಬಿಡಿ!

ಕೊನೆಗೆ, "ಎಂಪಿ ಸರ್ಜರಿ" ಅಂತ ಬೋರ್ಡ್ ಕಂಡರೆ ಆಪರೇಷನ್ ಅಂದುಕೊಳ್ಳಬೇಡಿ. ಎಂಪಿ ಜನರನ್ನು ಭೇಟಿಯಾಗುವ ಹೊತ್ತು ಅದು. ವೀಸಾ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಅಲ್ಲಿಗೆ ಹೋಗಬಹುದು. ನೀವು ಅವರಿಗೆ ವೋಟು ಹಾಕಿದ್ದೀರಾ ಅಂತ ಕೇಳಲ್ಲ, ಪೋಸ್ಟ್‌ಕೋಡ್ ಮಾತ್ರ ಕೇಳುತ್ತಾರೆ.