ಐದು ಎಮ್ಮೆ, ಐದು ಥರ ಕೊಂಬು

ಮೈಸೂರಲ್ಲಿ ಬಿವಿಎ ಶಿಲ್ಪಕಲೆ ಓದ್ತಾ ಇದೀನಿ. ಎರಡು ವರ್ಷದಿಂದ ಬೇರೆ ಬೇರೆ ಮೆಟೀರಿಯಲ್‌ಗೆ ಅಂತ ಕೊಟ್ಟ ಪ್ರಾಜೆಕ್ಟ್‌ಗಳಿಗೆಲ್ಲಾ ಒಂದೇ ವಿಷಯ ಇಟ್ಕೊಂಡೆ, ಮಲಗಿ ಮೆಲುಕು ಹಾಕೋ ಎಮ್ಮೆ. ನಮ್ಮನೆ ಕೊಟ್ಟಿಗೇಲಿ ಚಿಕ್ಕಂದಿನಿಂದ ನೋಡಿರೋದು, ಕಣ್ಮುಚ್ಚಿದ್ರೂ ಅದರ ಬೆನ್ನು ಎಲ್ಲಿ ಏಳತ್ತೆ ಎಲ್ಲಿ ಇಳಿಯತ್ತೆ ಅಂತ ಕೈಗೆ ಗೊತ್ತು. ಮೈ ಎಲ್ಲದ್ರಲ್ಲೂ ಬಂತು. ತೊಂದರೆ ಕೊಟ್ಟಿದ್ದೆಲ್ಲಾ ಕೊಂಬು.

ಮೊದಲು ಟೆರಾಕೋಟ, ಅಂದ್ರೆ ಮಣ್ಣಲ್ಲಿ ಮಾಡಿ ಗೂಡಲ್ಲಿ ಸುಡೋದು. ಇದಕ್ಕೆ ಒಳಗೆ ಕಂಬಿ ಇಡೋ ಹಾಗಿಲ್ಲ, ಯಾಕಂದ್ರೆ ಮಣ್ಣು ಒಣಗ್ತಾ ಕುಗ್ಗತ್ತೆ ಕಂಬಿ ಕುಗ್ಗಲ್ಲ, ಬಿರುಕು ಬಿಟ್ಟೇ ಬಿಡತ್ತೆ. ಗಟ್ಟಿ ಎಮ್ಮೆ ಮಾಡಿ, ಸ್ವಲ್ಪ ಬಿಗಿ ಆದ್ಮೇಲೆ ತಂತಿಲಿ ಎರಡು ಹೋಳು ಮಾಡಿ, ಒಳಗೆಲ್ಲಾ ತೋಡಿ ಬೆರಳು ದಪ್ಪ ಗೋಡೆ ಬಿಟ್ಟು ಮತ್ತೆ ಕೆಸರು ಹಚ್ಚಿ ಜೋಡಿಸಿದೆ. ಹೊಟ್ಟೆ ಕೆಳಗೆ ತೂತೂ ಬಿಟ್ಟಿದ್ದೆ. ಕೊಂಬು ಮಾತ್ರ ಗಟ್ಟಿಯಾಗೇ ಉಳೀತು, ಬುಡದಲ್ಲಿ ಇನ್ನೂ ಪಸೆ ಇತ್ತು ಅನ್ಸತ್ತೆ, ಗೂಡಲ್ಲಿ ಬಿಸಿ ಏರಿದ ಹಾಗೆ ಆ ನೀರು ಆವಿಯಾಗಿ ಎಡಗೊಂಬು ಸಿಡಿದು ಹೋಯ್ತು. ಈಗ ದಪ್ಪ ಇರೋ ಕಡೆಯೆಲ್ಲಾ ಸೂಜಿಲಿ ಒಳಗಿಂದ ಚುಚ್ತೀನಿ, ಮಳೆಗಾಲ ಆದ್ರೆ ಎರಡು ವಾರ ಜಾಸ್ತಿನೇ ಒಣಗಿಸ್ತೀನಿ.

ಎರಡನೇದು ಪ್ಲಾಸ್ಟರ್, ವೇಸ್ಟ್ ಮೋಲ್ಡ್‌ಲಿ. ಅಂದ್ರೆ ಮಣ್ಣಿನ ಎಮ್ಮೆ ಮೇಲೆ ಪ್ಲಾಸ್ಟರ್ ಅಚ್ಚು ಮಾಡಿ, ಮಣ್ಣು ತೆಗೆದು ಒಳಗೆ ಪ್ಲಾಸ್ಟರ್ ತುಂಬಿ, ಕೊನೆಗೆ ಅಚ್ಚನ್ನೇ ಒಡೆದು ಬಿಸಾಕೋದು. ಮಣ್ಣಿನ ಮೇಲೆ ಹಾಕೋ ಮೊದಲ ಪದರದ ನೀರಿಗೆ ಬಟ್ಟೆಗೆ ಹಾಕೋ ನೀಲಿ ಬೆರೆಸ್ತೀವಿ. ಕೊನೇಲಿ ಅಚ್ಚು ಒಡೆಯೋವಾಗ ಬಿಳಿ ಹೋಗಿ ನೀಲಿ ಕಂಡ್ರೆ ಉಳಿ ನಿಧಾನ ಮಾಡು, ಕೆಳಗೇ ಎಮ್ಮೆ ಇದೆ ಅಂತ ಅರ್ಥ. ಕಿವಿ ಹಿಂದಿನ ನೀಲಿ ಬಿಡಿಸೋಕೇ ಒಂದು ಮಧ್ಯಾಹ್ನ ಹಿಡೀತು. ಕೊಂಬಿಗೆ ಒಳಗೆ ಜಿಐ ತಂತಿ, ಗೋಣಿ ನಾರು ಇಟ್ಟಿದ್ದೆ, ಉಳೀತು.

ಮರದ್ದು ಬೇಗ ಹೇಳಿಬಿಡ್ತೀನಿ. ಶಿವನಿ ಮರ, ಎಳೆ ಉದ್ದಕ್ಕೆ ಹೋಗತ್ತೆ, ಕೊಂಬು ಬಾಗಿದ ಕಡೆ ಎಳೆ ಅಡ್ಡ ಬಂದು ಪಟ್ ಅಂತ ಮುರೀತು. ಬೇರೆ ತುಂಡಲ್ಲಿ ಎಳೆ ನೋಡಿ ಕೆತ್ತಿ, ಗೂಟ ಕೊಟ್ಟು ಕೂರಿಸಿದೆ.

ಕಂಚಲ್ಲಿ ಕೊಂಬನ್ನ ನಿಜವಾದ ಎಮ್ಮೆದರಷ್ಟೇ ಉದ್ದ ತೆಳ್ಳಗೆ ಹಿಂದಕ್ಕೆ ಚಾಚ್ಬಹುದು, ಅದೇ ಆಸೆ ನಂಗೆ. ಜೇನುಮೇಣ ರಾಳ ಕಾಯಿಸಿ ಎಮ್ಮೆ ಮಾಡ್ದೆ, ಅದರ ಮೇಲೆ ಹುತ್ತದ ಮಣ್ಣಿನ ನುಣ್ಣನೆ ಪದರ, ಆಮೇಲೆ ಸಗಣಿ ಹೊಟ್ಟು ಸೇರಿಸಿದ ದಪ್ಪ ಮಣ್ಣು. ಕಾಯಿಸಿದ್ರೆ ಮೇಣ ಕರಗಿ ಹೊರಗೆ ಹೋಗತ್ತೆ, ಆ ಖಾಲಿ ಜಾಗಕ್ಕೆ ಕರಗಿದ ಕಂಚು ಸುರಿಯೋದು. ಮೇಣದ ತೂಕದ ಒಂಬತ್ತು ಪಟ್ಟು ಲೋಹ ಬೇಕಾಗತ್ತೆ, ಲೋಹ ಒಳಗೆ ಹೋಗೋ ದಾರಿಲಿ ಉಳಿಯೋದಕ್ಕೆ ಇನ್ನೂ ಸ್ವಲ್ಪ. ಸುಮಾರು 1,100 ಡಿಗ್ರಿಲಿ ಸುರಿದ್ವಿ, ತಣ್ಣಗಾದ್ಮೇಲೆ ಒಡೆದು ನೋಡಿದ್ರೆ ಎರಡು ಕೊಂಬೂ ಅರ್ಧಕ್ಕೇ ನಿಂತಿತ್ತು. ತುದೀಲಿ ಗಾಳಿ ಹೋಗೋಕೆ ದಾರಿ ಇಟ್ಟಿರ್ಲಿಲ್ಲ ನಾನು. ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಎರಡನೇ ಸಲ ಎರಡೂ ತುದಿಗೆ ಬೀಡಿ ದಪ್ಪದ ಮೇಣದ ಕಡ್ಡಿ ಮೇಲಿನ ತನಕ ಎಳೆದೆ, ಪೂರ್ತಿ ಬಂತು.

ಕೊನೇದು ಬಳಪದ ಕಲ್ಲು. ಶುರು ಮಾಡೋ ಮೊದಲು ಬೇಲೂರಿಗೆ ಹೋಗಿ ಒಂದು ದಿನ ಪೂರ್ತಿ ಕೂತೆ. 1117ರ ದೇವಸ್ಥಾನ, ಇದೇ ಜಾತಿ ಕಲ್ಲು. ಮದನಿಕೆಯರನ್ನ ಎಲ್ರೂ ಮುಖ ನೋಡ್ತಾರೆ, ನಾನು ಅವರ ಬೆರಳು, ಬಳ್ಳಿ, ಒಡವೆ ಎಲ್ಲಿ ಹೋಗಿ ಕಲ್ಲಿಗೆ ಅಂಟತ್ತೆ ಅಂತಾನೇ ಹುಡುಕ್ತಿದ್ದೆ. ತೆಳ್ಳಗಿರೋದು ಬಹಳಷ್ಟು ಎಲ್ಲೋ ಒಂದು ಕಡೆ ಆಸರೆ ತಗೊಂಡಿರತ್ತೆ. ವಾಪಸ್ ಬಂದು ನನ್ನ ಡ್ರಾಯಿಂಗ್ ಅಳಿಸಿ, ಎಮ್ಮೆ ಕತ್ತು ಸ್ವಲ್ಪ ಮೇಲೆತ್ತಿಸಿದೆ, ಆಗ ಕೊಂಬು ತಾನಾಗೇ ಹಿಂದೆ ಹೋಗಿ ಭುಜಕ್ಕೆ ಒರಗ್ತು. ಐದರಲ್ಲಿ ನಂಗೆ ಇದೇ ಇಷ್ಟ, ಯಾಕಂದ್ರೆ ಎಮ್ಮೆ ಬಿಸಿಲಲ್ಲಿ ಸುಖವಾಗಿ ಮಲಗಿದಾಗ ನಿಜವಾಗ್ಲೂ ಹಾಗೇ ಮೂತಿ ಎತ್ತತ್ತೆ, ಅದನ್ನ ಕಲ್ಲು ಹೇಳೋ ತನಕ ನಾನು ಗಮನಿಸಿರ್ಲಿಲ್ಲ.

120ರಿಂದ 1000 ನಂಬರ್ ತನಕ ವಾಟರ್ ಪೇಪರ್ ಉಜ್ಜಿದೆ, ಮಾಸ್ಕ್ ಹಾಕ್ಕೊಂಡೇ, ಆ ಪುಡಿ ಶ್ವಾಸಕ್ಕೆ ಒಳ್ಳೇದಲ್ಲ. ಅಲ್ಲೀವರೆಗೂ ಬೂದಿ ಬಣ್ಣ. ಆಮೇಲೆ ಅಂಗೈಗೆ ಕೊಬ್ಬರಿ ಎಣ್ಣೆ ಹಾಕ್ಕೊಂಡು ಕತ್ತಿಂದ ಬಾಲದವರೆಗೆ ಸವರಿದೆ, ಕೈ ಹೋದ ದಾರೀಲೆಲ್ಲಾ ಕಲ್ಲು ಕಪ್ಪಾಗ್ತಾ ಬಂತು, ಕೆರೇಲಿ ಮೈ ತೊಳೆದು ಮೇಲೆ ಬಂದ ಎಮ್ಮೆ ಹಾಗೆ.