ತೋಟದವರಿಗೆ ರಿಸರ್ಚ್ ಹೇಳೋವಾಗ ಯೂನಿಟ್ ಬದಲಾಯಿಸಿ
ಕಾಫಿ ಬೆಳೆಗಾರರ ಮುಂದೆ ನಿಮ್ಮ ರಿಸರ್ಚ್ ಹೇಳೋಕೆ ಹೋಗ್ತಿದ್ರೆ ಸ್ಲೈಡಲ್ಲಿರೋ ಯೂನಿಟ್ ಮೊದ್ಲು ಬದಲಾಯಿಸಿ, ಮಳೆ ಮಿಲಿಮೀಟರಲ್ಲಿ ಬೇಡ, ಇಂಚು ಸೆಂಟಲ್ಲಿ ಹಾಕಿ (25.4 ಮಿ.ಮೀ. ಅಂದ್ರೆ 1 ಇಂಚು, ಅದೇ 100 ಸೆಂಟು), ಇಳುವರಿ ಹೆಕ್ಟೇರಿಗೆ 1000 ಕೆಜಿ ಅನ್ನೋ ಬದಲು ಎಕರೆಗೆ 50 ಕೆಜಿಯ ಸುಮಾರು 8 ಬ್ಯಾಗ್ ಅನ್ನಿ. ಕೊಡಗಲ್ಲಿ ಎಷ್ಟೋ ಮನೇಲಿ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಎಷ್ಟು ಬಿತ್ತು ಅಂತ ಡೈರೀಲಿ ಬರ್ದಿಟ್ಟಿರ್ತಾರೆ, ಅದೇ ಲೆಕ್ಕದಲ್ಲಿ ಹೇಳಿದ್ರೆ ತಕ್ಷಣ ತಮ್ಮ ತೋಟಕ್ಕೆ ಹೋಲಿಸ್ಕೊಂಡು ಪ್ರಶ್ನೆ ಕೇಳ್ತಾರೆ, ಬರೀ ಗ್ರಾಫಿನ ಬಣ್ಣ ನೋಡಿ ಯಾರೂ ಕೇಳಲ್ಲ ಬಿಡಿ. ಆದ್ರೆ ಬ್ಯಾಗ್ ಅಂದಾಗ ಚೆರಿನಾ (ಇಡೀ ಹಣ್ಣು ಒಣಗಿಸಿದ್ದು), ಪಾರ್ಚ್‌ಮೆಂಟಾ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇರೋ ಬೀಜ), ಕ್ಲೀನ್ ಕಾಫಿನಾ (ಹೊಟ್ಟೂ ತೆಗೆದ ಬೀಜ) ಅಂತ ಹೇಳ್ದೇ ಇದ್ರೆ ಪೂರ್ತಿ ಎಡವಟ್ಟು. ನಿಮ್ಮ ರಿಸರ್ಚಲ್ಲಿ ಸಿಕ್ಕ ಇಳುವರಿ ವ್ಯತ್ಯಾಸ ತೀರಾ ಸಣ್ಣದಿದ್ರೆ ಈ ಬ್ಯಾಗ್ ಲೆಕ್ಕ ನಡೆಯಲ್ಲ, ರೌಂಡ್ ಮಾಡಿದ ಕೂಡ್ಲೇ ನಿಮ್ಮ ರಿಸಲ್ಟೇ ಮಾಯ, ಆಗ ಕೆಜಿಯಲ್ಲೇ ಇಡಿ.